ಕೂಡಿಸಿದ್ದನ್ನು ಕಳೆಯಲು ಮರೆತಾಗ

ಮೂರು ವರ್ಷ ಯಾರ ಕಣ್ಣಿಗೂ ಬೀಳದ ಲೆಕ್ಕದ ತಪ್ಪು, ಒಂದೇ ಸಾಲಿನ ತಿದ್ದುಪಡಿ ಮತ್ತು ಊರಿನಲ್ಲಿರುವ ನಿಮ್ಮ ಮೊಬೈಲ್

"ಮಗ ಅಮೆರಿಕದಲ್ಲಿ ಏನು ಕೆಲಸ ಮಾಡ್ತಾನೆ?" ಎಂದು ಯಾರಾದರೂ ಕೇಳಿದರೆ ಊರಿನಲ್ಲಿರುವ ಅಪ್ಪ ಅಮ್ಮಂದಿರ ಉತ್ತರ ಸಾಮಾನ್ಯವಾಗಿ ಒಂದೇ ಪದದ್ದು: "ಸಾಫ್ಟ್‌ವೇರ್." ಅದಕ್ಕಿಂತ ಮುಂದೆ ಕೇಳಿದರೆ ಹೇಳುವವರಿಗೂ ಕಷ್ಟ, ಕೇಳುವವರಿಗೂ ಕಷ್ಟ. ಭಾನುವಾರದ ವಿಡಿಯೊ ಕಾಲ್ ನಡುವೆ ಮಗಳು "ಮೆಮೊರಿ ಲೀಕ್ ಆಗಿದೆಯಂತೆ ಅಮ್ಮ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟರೆ, ಸೋರುತ್ತಿರುವುದು ನಲ್ಲಿಯೋ ಸೂರೋ ಎಂಬ ಅನುಮಾನ ಊರ ಕಡೆ ಉಳಿದುಬಿಡುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಸನ್ನಿವೇಲ್, ಸಾಂತಾ ಕ್ಲಾರಾ, ಸ್ಯಾನ್ ಹೊಸೆ, ಫ್ರಿಮಾಂಟ್‌ಗಳ ಕನ್ನಡ ಮನೆಗಳಲ್ಲಿ ಇಂಥ ಕೆಲಸ ಮಾಡುವವರು ಸಾಕಷ್ಟು ಜನ. ನಾನು ಅವರಲ್ಲೊಬ್ಬನಲ್ಲ. ಬಿ.ಕಾಂ. ಓದಿ ಚಾರ್ಟರ್ಡ್ ಅಕೌಂಟೆಂಟ್ ಆದವನು. ಇಲ್ಲಿಗೆ ಬಂದ ಮೇಲೂ ಲೆಕ್ಕಪತ್ರದ ಕೆಲಸವೇ. ಆದರೆ ಕನ್ನಡ ಕೂಟದ ಊಟದ ಸಾಲಿನಲ್ಲಿ, ಮಕ್ಕಳ ಕನ್ನಡ ತರಗತಿಯ ಹೊರಗೆ ಕಾಯುವಾಗ ಇವರ ಮಾತು ಕೇಳಿ ಕೇಳಿ ಒಂದು ವಿಷಯ ಗೊತ್ತಾಗಿದೆ. ಇವರು ನಿದ್ದೆಗೆಟ್ಟು ಹುಡುಕುವ ತಪ್ಪುಗಳಲ್ಲಿ ಒಂದು ಬಗೆಯದು ಶುದ್ಧ ಲೆಕ್ಕಪತ್ರದ ತಪ್ಪು. ಅದರ ಹೆಸರು ರೆಫರೆನ್ಸ್ ಕೌಂಟ್ ಲೀಕ್. ಅದನ್ನು ಅರ್ಥ ಮಾಡಿಕೊಳ್ಳಲು ಕೋಡ್ ಬರಬೇಕಾಗಿಲ್ಲ, ಜಮಾ–ಖರ್ಚು ಗೊತ್ತಿದ್ದರೆ ಸಾಕು. ಮತ್ತು ಅದರ ಕೊನೆಯ ಕಂತು ನಿಮ್ಮ ಕೈಯಲ್ಲಿರುವ ಫೋನಿಗೇ ಸಂಬಂಧಿಸಿದ್ದು.

ಕಂಪ್ಯೂಟರಿನ ಶಾನುಭೋಗ

ಮೊಬೈಲ್ ಇರಲಿ, ಬ್ಯಾಂಕಿನ ಸರ್ವರ್ ಇರಲಿ, ಒಳಗೆ ಎಲ್ಲಕ್ಕಿಂತ ತಳದಲ್ಲಿ ಕೂತು ಕೆಲಸ ಮಾಡುವ ಸಾಫ್ಟ್‌ವೇರ್ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಹಳೆಯ ಕಾಲದ ಊರಿಗೆ ಶಾನುಭೋಗರು ಹೇಗೋ ಕಂಪ್ಯೂಟರಿಗೆ ಕರ್ನಲ್ ಹಾಗೆ. ಯಾವ ತುಂಡು ಮೆಮೊರಿ ಯಾರ ವಶದಲ್ಲಿದೆ, ಯಾರಿಗೆ ಕೊಡಬಹುದು, ಯಾರಿಂದ ವಾಪಸು ಬಂತು ಎಂಬ ಕಡತವೆಲ್ಲ ಅದರ ಬಳಿ. ವಾಟ್ಸ್‌ಆ್ಯಪ್, ಕ್ಯಾಮೆರಾ, ಬ್ಯಾಂಕ್ ಆ್ಯಪ್ ಎಲ್ಲವೂ ಅದರ ಮುಂದೆ ಅರ್ಜಿ ಹಿಡಿದು ನಿಂತವರೇ.

ಆಂಡ್ರಾಯ್ಡ್ ಫೋನುಗಳಲ್ಲಿರುವುದು ಲಿನಕ್ಸ್ ಕರ್ನಲ್. 1991ರಲ್ಲಿ ಫಿನ್‌ಲ್ಯಾಂಡ್‌ನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಶುರು ಮಾಡಿದರು. ಅವರೂ ಒಂದು ಕಾಲಕ್ಕೆ ಇಲ್ಲಿಗೆ ನೌಕರಿಗಾಗಿ ಬಂದವರೇ. 1997ರಲ್ಲಿ ಸಾಂತಾ ಕ್ಲಾರಾದ ಟ್ರಾನ್ಸ್‌ಮೆಟಾ ಕಂಪನಿ ಸೇರಿ ಕೆಲವು ವರ್ಷ ಬೇ ಏರಿಯಾದಲ್ಲಿದ್ದರು. ಆಂಡ್ರಾಯ್ಡ್ ಹುಟ್ಟಿದ್ದು 2003ರಲ್ಲಿ ಪಾಲೊ ಆಲ್ಟೊದಲ್ಲಿ. 2005ರಲ್ಲಿ ಮೌಂಟನ್ ವ್ಯೂನ ಗೂಗಲ್ ಅದನ್ನು ಕೊಂಡಿತು. ಈ ಊರುಗಳೆಲ್ಲ ಒಂದಕ್ಕೊಂದು ಕಾರಿನಲ್ಲಿ ಅರ್ಧ ಗಂಟೆಯೊಳಗಿನ ದೂರದಲ್ಲಿವೆ. ಆದರೆ ಲಿನಕ್ಸ್ ಕರ್ನಲ್ ಯಾವ ಒಂದು ಊರಿನ ಸ್ವತ್ತೂ ಅಲ್ಲ, ಬೆಂಗಳೂರೂ ಸೇರಿ ಜಗತ್ತಿನ ಹಲವೆಡೆಯ ಎಂಜಿನಿಯರುಗಳು ಸೇರಿ ಬರೆಯುವಂಥದ್ದು.

ಛತ್ರದ ಬಾಗಿಲಿನ ಸ್ಲೇಟು

ಈಗ ಒಂದು ಮದುವೆ ಛತ್ರವನ್ನು ಊಹಿಸಿಕೊಳ್ಳಿ. ಬಾಗಿಲಲ್ಲಿ ಕಾವಲುಗಾರ, ಅವನ ಕೈಯಲ್ಲಿ ಸ್ಲೇಟು. ಒಬ್ಬರು ಒಳಗೆ ಬಂದರೆ ಸ್ಲೇಟಿನ ಸಂಖ್ಯೆಗೆ ಒಂದು ಕೂಡಿಸುತ್ತಾನೆ, ಹೊರಗೆ ಹೋದರೆ ಒಂದು ಕಳೆಯುತ್ತಾನೆ. ಯಾರು ಬಂದರು, ಯಾಕೆ ಬಂದರು ಅವನಿಗೆ ಬೇಕಿಲ್ಲ. ಸಂಖ್ಯೆ ಸೊನ್ನೆ ಆದ ಕ್ಷಣ ಛತ್ರ ಖಾಲಿ ಎಂದರ್ಥ. ಗುಡಿಸಿ ಮುಂದಿನ ಪಾರ್ಟಿಗೆ ಕೊಟ್ಟುಬಿಡುತ್ತಾನೆ.

ಕರ್ನಲ್ ತನ್ನಲ್ಲಿರುವ ಮೆಮೊರಿಯ ಅನೇಕ ತುಂಡುಗಳಿಗೆ ಇಂಥದ್ದೇ ಸ್ಲೇಟು ಇಟ್ಟಿರುತ್ತದೆ. ತೆರೆದ ಫೈಲ್, ನೆಟ್‌ವರ್ಕ್ ಸಂಪರ್ಕ, ಪಾಸ್‌ವರ್ಡ್ ಇಟ್ಟ ಪೆಟ್ಟಿಗೆ, ಹೀಗೆ ಒಂದೇ ವಸ್ತುವನ್ನು ಹಲವು ಪ್ರೋಗ್ರಾಂಗಳು ಹಂಚಿಕೊಂಡಾಗ, ಕೊನೆಯವನು ಬಿಟ್ಟ ಮೇಲಷ್ಟೇ ಆ ಜಾಗ ತೆರವಾಗಬೇಕು. ಈ ಉಪಾಯ ಹೊಸದಲ್ಲ. 1960ರಲ್ಲಿ ಐಬಿಎಂನಲ್ಲಿದ್ದ ಜಾರ್ಜ್ ಕಾಲಿನ್ಸ್ ಇದನ್ನು ಪ್ರಕಟಿಸಿದರು. ಅದೇ ವರ್ಷ ಜಾನ್ ಮೆಕಾರ್ಥಿ ಬೇರೊಂದು ದಾರಿ ತೋರಿಸಿದ್ದರು: ಸ್ಲೇಟು ಇಡುವುದೇ ಬೇಡ, ಆಗಾಗ ಇಡೀ ಛತ್ರ ಸುತ್ತಿ ಯಾರಿಗೂ ಬೇಡವಾದದ್ದನ್ನು ಗುಡಿಸಿಹಾಕಿದರಾಯಿತು ಎಂದು. ಮೆಕಾರ್ಥಿ ಮುಂದೆ ಇಲ್ಲಿಯೇ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ದಶಕಗಳ ಕಾಲ ಪ್ರೊಫೆಸರ್ ಆಗಿದ್ದರು. ಕರ್ನಲ್ ಮಾತ್ರ ಹೆಚ್ಚಾಗಿ ಕಾಲಿನ್ಸ್ ಅವರ ಸ್ಲೇಟನ್ನೇ ನೆಚ್ಚಿಕೊಂಡಿದೆ. ಗುಡಿಸುವುದಕ್ಕೆಂದು ಎಲ್ಲ ಕೆಲಸ ನಿಲ್ಲಿಸುವ ಪುರಸೊತ್ತು ಅದಕ್ಕಿಲ್ಲ.

ಸ್ಲೇಟಿನ ಪದ್ಧತಿಯಲ್ಲಿ ಒಂದೇ ನಿಯಮ: ಕೂಡಿಸಿದ ಪ್ರತಿಯೊಂದನ್ನೂ ಯಾರಾದರೂ ಒಮ್ಮೆ, ಒಮ್ಮೆ ಮಾತ್ರ, ಕಳೆಯಬೇಕು. ಒಬ್ಬ ಅತಿಥಿ ಹಿಂಬಾಗಿಲಿನಿಂದ ಹೋದ ಎನ್ನಿ. ಛತ್ರ ಪೂರ್ತಿ ಖಾಲಿಯಾದರೂ ಸ್ಲೇಟಿನಲ್ಲಿ 1 ಉಳಿಯುತ್ತದೆ. ಕಾವಲುಗಾರ ಬೀಗ ತೆಗೆಯುವುದೂ ಇಲ್ಲ, ಇನ್ನೊಬ್ಬರಿಗೆ ಕೊಡುವುದೂ ಇಲ್ಲ. ಇದೇ ಲೀಕ್. ಹೀಗೆ ಒಂದೊಂದೇ ಛತ್ರ ವ್ಯರ್ಥವಾಗುತ್ತ ಹೋದರೆ ಒಂದು ದಿನ ಊರಿನಲ್ಲಿ ಕೊಡಲು ಛತ್ರವೇ ಇರುವುದಿಲ್ಲ. ಮನೆಯ ಸೆಟ್‌ಟಾಪ್ ಬಾಕ್ಸೋ ವೈಫೈ ರೌಟರೋ ವಾರಗಟ್ಟಲೆ ಓಡಿ ನಿಧಾನವಾದಾಗ "ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂದು ಮಕ್ಕಳು ಹೇಳುತ್ತಾರಲ್ಲ, ಆ ಸಲಹೆ ಎಷ್ಟೋ ಸಲ ಫಲ ಕೊಡುವುದು ಇದೇ ಕಾರಣಕ್ಕೆ. ವಿದ್ಯುತ್ ಹೋದರೆ ಸ್ಲೇಟುಗಳೆಲ್ಲ ಒರೆಸಿಹೋಗುತ್ತವೆ. ಆದರೆ ಸಾವಿರಾರು ಜನರ ಕೆಲಸ ಹೊತ್ತ ಡೇಟಾ ಸೆಂಟರ್ ಯಂತ್ರಗಳನ್ನು ಹಾಗೆ ಮನಸ್ಸು ಬಂದಾಗ ಆರಿಸುವಂತಿಲ್ಲ. ನಿಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ, ಎಂದರೆ ಇಲ್ಲಿಯ ನಡುರಾತ್ರಿಯಲ್ಲಿ, ಮಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದರೆ ಅದಕ್ಕೆ ಇಂಥ ಒಂದು ಹಿಂಬಾಗಿಲೂ ಕಾರಣವಿರಬಹುದು.

2016ರ ಆ ಒಂದು ಸಾಲು

ಈ ತಪ್ಪು ಎಷ್ಟು ಸಣ್ಣದು, ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ 2016ರ ಜನವರಿಯ ಒಂದು ಪ್ರಕರಣ ಒಳ್ಳೆಯ ಉದಾಹರಣೆ. ಭದ್ರತಾ ದೋಷಗಳ ಜಾಗತಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2016-0728.

ಲಿನಕ್ಸ್ ಕರ್ನಲ್‌ನಲ್ಲಿ ಕೀರಿಂಗ್ ಎಂಬ ವ್ಯವಸ್ಥೆಯಿದೆ. ಹೆಸರೇ ಹೇಳುವಂತೆ ಕೀಲಿಕೈ ಗೊಂಚಲು. ಪ್ರೋಗ್ರಾಂಗಳ ಗುಪ್ತ ಕೀಲಿಗಳನ್ನು ಕರ್ನಲ್ ಅದರಲ್ಲಿ ಜೋಪಾನ ಮಾಡುತ್ತದೆ. ಒಂದು ಪ್ರೋಗ್ರಾಂ "ಇಂಥ ಹೆಸರಿನ ಗೊಂಚಲಿಗೆ ನನ್ನನ್ನು ಸೇರಿಸು" ಎಂದು ಕೇಳಬಹುದು. ಆಗ ಕರ್ನಲ್ ಆ ಹೆಸರಿನ ಗೊಂಚಲನ್ನು ಹುಡುಕಿ, ಅದರ ಸ್ಲೇಟಿಗೆ ಒಂದು ಕೂಡಿಸಿ, ಆಮೇಲೆ ಪ್ರೋಗ್ರಾಂನ ಹೆಸರಿಗೆ ಬರೆಯುತ್ತದೆ. ಇಷ್ಟರವರೆಗೆ ಸರಿ. ಆದರೆ ಈಗಾಗಲೇ ಅದೇ ಗೊಂಚಲನ್ನು ಹಿಡಿದಿರುವ ಪ್ರೋಗ್ರಾಂ ಮತ್ತೆ ಅದನ್ನೇ ಕೇಳಿದರೆ? ಕರ್ನಲ್ ಗೊಂಚಲು ಹುಡುಕುತ್ತಿತ್ತು, ಸ್ಲೇಟಿಗೆ ಒಂದು ಕೂಡಿಸುತ್ತಿತ್ತು, ಆಮೇಲೆ "ಓ, ನಿನ್ನ ಬಳಿ ಆಗಲೇ ಇದೆಯಲ್ಲ, ಹೋಗು" ಎಂದು ಕಳಿಸಿಬಿಡುತ್ತಿತ್ತು. ಕೂಡಿಸಿದ ಒಂದನ್ನು ಕಳೆಯುತ್ತಿರಲಿಲ್ಲ.

ಛತ್ರದ ಒಳಗೇ ಇರುವ ಅತಿಥಿ ಬಾಗಿಲಿಗೆ ಬಂದು "ನಾನು ಒಳಗೆ ಬರಲೇ?" ಎಂದು ಕೇಳಿದಂತೆ. ಯಾರು ಹಾಗೆ ಕೇಳುತ್ತಾರೆ? ಮಾಮೂಲಿ ಬಳಕೆಯಲ್ಲಿ ಯಾರೂ ಕೇಳುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. 2013ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 3.8 ಆವೃತ್ತಿಯಲ್ಲಿ ಸೇರಿಕೊಂಡ ಈ ತಪ್ಪು ಮೂರು ವರ್ಷದ ಹತ್ತಿರ ಸುಮ್ಮನೆ ಕೂತಿತ್ತು.

ಬಿ.ಕಾಂ. ಓದಿದವರಿಗೆ ಇದು ಹೊಸದೆನಿಸುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಪುಸ್ತಕ ಸರಿಯಿದೆ ಎಂದಲ್ಲ ಎಂಬುದು ಮೊದಲ ವರ್ಷದ ಪಾಠ. ಒಂದು ವ್ಯವಹಾರವನ್ನು ಬರೆಯುವುದನ್ನೇ ಪೂರ್ತಿ ಬಿಟ್ಟಿದ್ದರೆ ಎರಡೂ ಬದಿ ಚೆಂದವಾಗಿ ತಾಳೆಯಾಗುತ್ತವೆ. ತಪ್ಪಾಗಿ ಬರೆದದ್ದು ಕಣ್ಣಿಗೆ ಕಾಣುತ್ತದೆ, ಬರೆಯದೇ ಬಿಟ್ಟದ್ದು ಕಾಣುವುದಿಲ್ಲ. ಕೀರಿಂಗ್ ಕೋಡಿನಲ್ಲಿಯೂ ಇದ್ದ ಸಾಲುಗಳೆಲ್ಲ ಸರಿಯಾಗಿಯೇ ಇದ್ದವು. ಇರಬೇಕಾದ ಒಂದು ಸಾಲು ಇರಲಿಲ್ಲ.

ಇಸ್ರೇಲಿನ ಪರ್ಸೆಪ್ಷನ್ ಪಾಯಿಂಟ್ ಎಂಬ ಸಂಸ್ಥೆಯ ಸಂಶೋಧಕರು ಇದನ್ನು ಪತ್ತೆ ಮಾಡಿ 2016ರ ಜನವರಿ 19ರಂದು ಪ್ರಕಟಿಸಿದರು. ಬರೀ ಸೋರಿಕೆಯಾಗಿದ್ದರೆ ಇಷ್ಟು ಸುದ್ದಿಯಾಗುತ್ತಿರಲಿಲ್ಲ. ಅಪಾಯ ಬೇರೆಯೇ ಇತ್ತು. ಸ್ಲೇಟಿನಲ್ಲಿ ಬರೆಯುವ ಜಾಗಕ್ಕೆ ಮಿತಿಯಿದೆ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರ್ 99999 ದಾಟಿದರೆ 00000 ಆಗುತ್ತಿತ್ತಲ್ಲ, ಹಾಗೆ. ಈ ಸ್ಲೇಟು 32 ಬಿಟ್‌ನದ್ದು. 4,29,49,67,296 ಸಲ ಕೂಡಿಸಿದರೆ ಒಂದು ಸುತ್ತು ಮುಗಿಯುತ್ತದೆ. ಸುಮಾರು 429 ಕೋಟಿ! ಮನುಷ್ಯರಿಗೆ ಜನ್ಮಗಳೇ ಬೇಕು. ಆದರೆ ಸಾಧಾರಣ ಲ್ಯಾಪ್‌ಟಾಪ್ ಚಿಪ್ ಒಂದರಲ್ಲಿ ಇಡೀ ಪ್ರಯೋಗಕ್ಕೆ ಅರ್ಧ ಗಂಟೆ ಸಾಕಾಯಿತು ಎಂದು ಸಂಶೋಧಕರು ತೋರಿಸಿದರು.

ಸೊನ್ನೆ ಬಂದೊಡನೆ ಕಾವಲುಗಾರ ತನ್ನ ನಿಯಮದಂತೆ ನಡೆದ. ಒಳಗೆ ಪಂಕ್ತಿಯಲ್ಲಿ ಜನ ಉಣ್ಣುತ್ತಿರುವಾಗಲೇ ಛತ್ರವನ್ನು ಇನ್ನೊಂದು ಪಾರ್ಟಿಗೆ ಕೊಟ್ಟ. ಹೊಸದಾಗಿ ಬಂದವನು ದುರುದ್ದೇಶದವನಾದರೆ, ಕೀಲಿಗೊಂಚಲು ಇದ್ದ ಜಾಗದಲ್ಲಿ ತನಗೆ ಬೇಕಾದ್ದನ್ನು ತುಂಬಿಸಿಡುತ್ತಾನೆ. ಕರ್ನಲ್ ಅದನ್ನು ಹಳೆಯ ಗೊಂಚಲೆಂದೇ ನಂಬಿ, ಅಲ್ಲಿ ಬರೆದಿಟ್ಟ ಆಜ್ಞೆಯನ್ನು ಪಾಲಿಸುತ್ತದೆ. ಅಲ್ಲಿಗೆ ಯಂತ್ರದ ಪೂರ್ತಿ ಅಧಿಕಾರ ಅವನ ಕೈಗೆ. ಮೆಮೊರಿ ಪೋಲಾಗುವ ತಪ್ಪೊಂದು ಮನೆ ದೋಚುವ ದಾರಿಯಾದದ್ದು ಹೀಗೆ. ದಾಳಿ ಮಾಡುವವನ ಪ್ರೋಗ್ರಾಂ ಮೊದಲೇ ಆ ಯಂತ್ರದಲ್ಲಿ ಓಡುತ್ತಿರಬೇಕು ಎಂಬುದೊಂದು ಸಮಾಧಾನ. ಇದನ್ನು ಬಳಸಿ ನಿಜವಾಗಿ ದಾಳಿ ನಡೆದದ್ದು ಆಗ ಕಂಡುಬಂದಿಲ್ಲ ಎಂದೂ ಪತ್ತೆ ಮಾಡಿದವರೇ ಹೇಳಿದ್ದರು.

ತಿದ್ದುಪಡಿ? ಒಂದು ಸಾಲು. "ನಿನ್ನ ಬಳಿ ಆಗಲೇ ಇದೆ, ಹೋಗು" ಎನ್ನುವ ಮೊದಲು, ಕೂಡಿಸಿದ ಒಂದನ್ನು ಕಳೆ. ಅಷ್ಟೇ. ಹೊಸ ಆವೃತ್ತಿಗಳಿಗೂ ಬಳಕೆಯಲ್ಲಿದ್ದ ಹಳೆಯ ಆವೃತ್ತಿಗಳಿಗೂ ಆ ಸಾಲು ಸೇರಿತು. ವಾರವಿಡೀ ದುಡಿದು ಮಗ ಬರೆದದ್ದು ಒಂದೇ ಸಾಲು ಎಂದರೆ ನಗಬೇಡಿ. ಆಡಿಟ್‌ನಲ್ಲಿಯೂ ತಿಂಗಳುಗಟ್ಟಲೆ ಕಡತ ತಿರುವಿ ಕೊನೆಗೆ ಹಾಕುವುದು ಒಂದೇ ಒಂದು ಜರ್ನಲ್ ಎಂಟ್ರಿ ಆಗಿರಬಹುದು. ಸಂಬಳ ಕೊಡುವುದು ಸಾಲು ಎಣಿಸಿ ಅಲ್ಲ, ಯಾವ ಸಾಲು ಎಲ್ಲಿ ಬೇಕು ಎಂದು ಗೊತ್ತಿರುವುದಕ್ಕೆ.

ಎಚ್ಚರಿಕೆಯ ತತ್ವ

ಒಂದು ರಂಧ್ರ ಮುಚ್ಚಿದರೆ ಆಯಿತೇ? ಕರ್ನಲ್‌ನಲ್ಲಿ ಇಂಥ ಸ್ಲೇಟುಗಳು ಅಸಂಖ್ಯ, ಇಂಥ ಮರೆವು ಮತ್ತೆ ಮತ್ತೆ ಆಗುವಂಥದ್ದೇ. ಆದ್ದರಿಂದ ಸ್ಲೇಟನ್ನೇ ಬದಲಿಸುವ ಕೆಲಸ ನಡೆಯಿತು. ಪೀಟರ್ ಝೈಲ್‌ಸ್ಟ್ರಾ ಸಿದ್ಧಪಡಿಸಿದ ಹೊಸ ಬಗೆಯ ಎಣಿಕೆ 2017ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 4.11ರಲ್ಲಿ ಸೇರಿತು. ಇಂಟೆಲ್‌ನ ಎಲೆನಾ ರೆಶೆಟೋವಾ, ಗೂಗಲ್‌ನ ಕೀಸ್ ಕುಕ್ ಮೊದಲಾದವರು ಹಳೆಯ ಸ್ಲೇಟುಗಳನ್ನು ಒಂದೊಂದಾಗಿ ಹೊಸದಕ್ಕೆ ಬದಲಿಸುತ್ತ ಬಂದರು. ಕೀರಿಂಗ್‌ನ ಸ್ಲೇಟೂ 2017ರಲ್ಲಿಯೇ ಬದಲಾಯಿತು.

ಹೊಸ ಸ್ಲೇಟಿನ ಗುಣ ಇಷ್ಟು: ಸಂಖ್ಯೆ ಮಿತಿ ಮೀರುವಂತೆ ಕಂಡರೆ ಅದು ತಿರುಗಿ ಸೊನ್ನೆಗೆ ಬರುವುದಿಲ್ಲ. ಅಲ್ಲೇ ಕಲ್ಲಾಗಿ ನಿಲ್ಲುತ್ತದೆ, ಎಚ್ಚರಿಕೆಯನ್ನೂ ಬರೆಯುತ್ತದೆ. "ಲೆಕ್ಕ ತಪ್ಪಿದೆ. ಈ ಛತ್ರವನ್ನು ಇನ್ನು ಯಾರಿಗೂ ಕೊಡುವುದಿಲ್ಲ" ಎಂಬ ಹಾಗೆ. ಒಂದು ಛತ್ರ ಕಾಯಂ ನಷ್ಟವಾಯಿತು, ನಿಜ. ಆದರೆ ಉಣ್ಣುತ್ತಿದ್ದವರ ಎಲೆ ಎಳೆಯಲಿಲ್ಲ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ಲೆಕ್ಕಶಾಸ್ತ್ರದ ಪ್ರೂಡೆನ್ಸ್ ತತ್ವ: ಬರಬಹುದಾದ ಲಾಭವನ್ನು ಈಗಲೇ ಬರೆಯಬೇಡ, ಆಗಬಹುದಾದ ನಷ್ಟಕ್ಕೆ ಈಗಲೇ ಅವಕಾಶ ಮಾಡು. ಸಂಶಯವಿದ್ದಾಗ ಸಣ್ಣ, ಗೊತ್ತಿರುವ ನಷ್ಟವನ್ನು ಒಪ್ಪಿಕೊಂಡು ದೊಡ್ಡ ಅನಾಹುತ ತಪ್ಪಿಸು. ಇಂಥ ಸ್ಲೇಟು ಪ್ರತಿ ಸಲ ಸ್ವಲ್ಪ ಹೆಚ್ಚು ಪರೀಕ್ಷೆ ಮಾಡಬೇಕಾದ್ದರಿಂದ ವೇಗ ಕಡಿಮೆಯಾಗುತ್ತದೆ ಎಂಬ ತಕರಾರೂ ಕರ್ನಲ್ ತಂಡಗಳಲ್ಲಿ ಬಂದಿತ್ತು. ಯಾವ ಆಫೀಸಿನಲ್ಲಿ ಆಡಿಟರನ್ನು ಕಂಡರೆ ಆ ಮಾತು ಬರುವುದಿಲ್ಲ ಹೇಳಿ?

"ಬಾಕಿ 1", ಆದರೆ ಯಾರದ್ದು?

ಅನಾಹುತ ತಪ್ಪಿತು, ಸೋರಿಕೆ ನಿಲ್ಲಲಿಲ್ಲ. ಅದಕ್ಕೆ ಇನ್ನೊಂದು ಕಥೆ. ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವವರಿಗೆಲ್ಲ ಪರಿಚಿತವಾದ ಒಂದು ಸಂದೇಶವಿದೆ. ಒಂದು ನೆಟ್‌ವರ್ಕ್ ಸಾಧನವನ್ನು ತೆಗೆದುಹಾಕಲು ಕಾಯುತ್ತಿದ್ದೇನೆ, ಅದರ ಬಳಕೆ ಎಣಿಕೆ ಇನ್ನೂ 1 ಇದೆ ಎಂದು ಕರ್ನಲ್ ಹತ್ತು ಸೆಕೆಂಡಿಗೊಮ್ಮೆ ಬರೆಯುತ್ತಲೇ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳೆದ ಡಾಕರ್ ಎಂಬ ತಂತ್ರಾಂಶ ಜನಪ್ರಿಯವಾದ ಮೇಲೆ, 2014ರಿಂದ ಈಚೆಗೆ, ಈ ದೂರು ವರ್ಷಗಟ್ಟಲೆ ಕೇಳಿಬಂತು. ಒಂದೇ ಸಂದೇಶ, ಹಿಂದೆ ಬೇರೆ ಬೇರೆ ಹಲವು ತಪ್ಪುಗಳು. ಒಂದನ್ನು ಸರಿಪಡಿಸಿದರೆ ಇನ್ನೊಂದು ದಾರಿಯಿಂದ ಅದೇ ಸಂದೇಶ.

ತೊಡಕು ಏನೆಂದರೆ ಸ್ಲೇಟಿನಲ್ಲಿರುವುದು ಒಟ್ಟು ಸಂಖ್ಯೆ ಮಾತ್ರ. ಅಂಗಡಿಯ ಪುಸ್ತಕದಲ್ಲಿ "ಉದ್ರಿ ಬಾಕಿ 1" ಎಂದಷ್ಟೇ ಇದ್ದು ಗಿರಾಕಿಯ ಹೆಸರಿಲ್ಲದಂತೆ. ಯಾರ ಮನೆ ಬಾಗಿಲಿಗೆ ಹೋಗಿ ಕೇಳುವುದು? ಗೂಗಲ್‌ನ ಎರಿಕ್ ಡ್ಯೂಮಜೆ ಇದಕ್ಕೆ ತಂದ ಪರಿಹಾರ 2022ರ ಲಿನಕ್ಸ್ 5.17ರಲ್ಲಿ ಸೇರಿತು. ಸ್ಲೇಟಿಗೆ ಒಂದು ಕೂಡಿಸುವಾಗಲೇ ಒಂದು ಚೀಟಿಯನ್ನೂ ಬರೆಯುವುದು, ಯಾವ ಕೋಡ್, ಯಾವ ದಾರಿಯಿಂದ ಬಂದು ತೆಗೆದುಕೊಂಡಿತು ಎಂದು. ವಾಪಸು ಕೊಟ್ಟಾಗ ಅದೇ ಚೀಟಿ ಹರಿಯುವುದು. ಕೊನೆಗೆ ಚೀಟಿ ಉಳಿದಿದ್ದರೆ ಅದರ ಮೇಲೆ ವಿಳಾಸವಿದ್ದೇ ಇದೆ. ಒಟ್ಟು ಬಾಕಿಯಿಂದ ಗಿರಾಕಿವಾರು ಖಾತೆಗೆ ಹೋದಂತೆ. ನಮ್ಮ ಕಿರಾಣಿ ಅಂಗಡಿಯವರು ತಲೆಮಾರುಗಳಿಂದ ಮಾಡುತ್ತಿರುವುದೇ ಇದು. ಆದರೆ ಎಲ್ಲ ಚೀಟಿ ಬರೆಯಲು ಸಮಯವೂ ಜಾಗವೂ ಬೇಕಾದ್ದರಿಂದ, ಇದನ್ನು ಹೆಚ್ಚಾಗಿ ಪರೀಕ್ಷೆಯ ಯಂತ್ರಗಳಲ್ಲಿ ಬಳಸುತ್ತಾರೆ.

ನಿಮ್ಮ ಫೋನಿಗೆ ಆ ಸಾಲು ಬಂತೇ?

ಈಗ 2016ಕ್ಕೆ ಮರಳೋಣ. ತಪ್ಪು ಸಿಕ್ಕಿತು, ಒಂದು ಸಾಲು ಬರೆದದ್ದೂ ಆಯಿತು. ಆಂಡ್ರಾಯ್ಡ್ ಸಾಧನಗಳಲ್ಲಿ ಶೇ 66ರಷ್ಟಕ್ಕೆ ಈ ತೊಂದರೆಯಿದೆ ಎಂದು ಪರ್ಸೆಪ್ಷನ್ ಪಾಯಿಂಟ್ ಅಂದಾಜು ಮಾಡಿತ್ತು. ಗೂಗಲ್ ಅದೇ ವಾರ ಉತ್ತರ ಕೊಟ್ಟು, ಅಷ್ಟು ದೊಡ್ಡ ಸಂಖ್ಯೆ ಸರಿಯಲ್ಲ ಎಂದಿತು: ಹಳೆಯ ಫೋನುಗಳಲ್ಲಿ ಹೆಚ್ಚಿನವಕ್ಕೆ 3.8ಕ್ಕಿಂತ ಹಿಂದಿನ ಕರ್ನಲ್ ಇದೆ, ಆಂಡ್ರಾಯ್ಡ್ 5.0 ಮತ್ತು ನಂತರದವುಗಳಲ್ಲಿ ಹೊರಗಿನ ಆ್ಯಪ್‌ಗಳು ಆ ಕೋಡನ್ನು ತಲುಪದಂತೆ ಬೇರೆ ಕಾವಲಿದೆ ಎಂದು. ಜೊತೆಗೆ, 2016ರ ಮಾರ್ಚ್ 1 ಅಥವಾ ಅನಂತರದ ಸೆಕ್ಯುರಿಟಿ ಪ್ಯಾಚ್ ದಿನಾಂಕ ತೋರಿಸುವ ಎಲ್ಲ ಸಾಧನಗಳಲ್ಲಿ ಈ ತಿದ್ದುಪಡಿ ಇರಲೇಬೇಕು ಎಂದೂ ತಿಳಿಸಿತು.

ಈ ದಿನಾಂಕದ ಮಾತೇ ಊರಿನಲ್ಲಿರುವವರಿಗೆ ಮುಖ್ಯ. ಕರ್ನಲ್‌ನಲ್ಲಿ ತಿದ್ದಿದ ಸಾಲು ಗೂಗಲ್‌ಗೆ ಬಂದು, ಅಲ್ಲಿಂದ ಫೋನ್ ತಯಾರಿಸಿದ ಕಂಪನಿಗೆ ಹೋಗಿ, ಅವರು ತಮ್ಮ ಮಾದರಿಗೆ ಹೊಂದಿಸಿ ಕಳಿಸಿದ ಮೇಲಷ್ಟೇ ನಿಮ್ಮ ಕೈಗೆ ಬರುತ್ತದೆ. ಕಂಪನಿ ಆ ಮಾದರಿಗೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದರೆ ಬರುವುದೇ ಇಲ್ಲ. ನಮ್ಮಲ್ಲಿ ಒಂದು ರೂಢಿಯಿದೆ: ಇಲ್ಲಿ ಹೊಸ ಫೋನ್ ಕೊಂಡಾಗ ಹಳೆಯದನ್ನು ರಜೆಗೆ ಬರುವಾಗ ಅಪ್ಪನಿಗೋ ಅತ್ತೆಗೋ ತಂದುಕೊಡುವುದು. ಗಾಜು ಒಡೆದಿಲ್ಲ, ಬ್ಯಾಟರಿ ಚೆನ್ನಾಗಿದೆ, ಇನ್ನೇನು ಬೇಕು ಎನಿಸುತ್ತದೆ. ಆದರೆ ಪಿಂಚಣಿಯ ಬ್ಯಾಂಕ್ ಆ್ಯಪ್, ಯುಪಿಐ, ಒಟಿಪಿ ಬರುವ ಸಿಮ್ ಎಲ್ಲವೂ ಇರುವುದು ಅದೇ ಫೋನಿನಲ್ಲಿ. ಅದರ ಶಾನುಭೋಗನಿಗೆ ನಾಲ್ಕು ವರ್ಷದಿಂದ ಹೊಸ ಸುತ್ತೋಲೆ ತಲುಪಿಲ್ಲ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ನೋಡುವುದು ಸುಲಭ. ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ಕೆಳಗೆ ಅಬೌಟ್ ಫೋನ್, ಅದರೊಳಗೆ ಆಂಡ್ರಾಯ್ಡ್ ವರ್ಷನ್ ಅಥವಾ ಸಾಫ್ಟ್‌ವೇರ್ ಮಾಹಿತಿ ಎಂದಿರುತ್ತದೆ. ಅಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಎಂಬುದರ ಎದುರು ಒಂದು ದಿನಾಂಕವಿರುತ್ತದೆ. ಅದು ಕಳೆದ ಕೆಲವು ತಿಂಗಳೊಳಗಿನದಾದರೆ ನಿಶ್ಚಿಂತೆ. ಒಂದು ವರ್ಷಕ್ಕಿಂತ ಹಳೆಯದಾದರೆ, ಬಾಕಿ ಉಳಿದ ಅಪ್‌ಡೇಟ್ ಇದೆಯೇ ಎಂದು ಸಿಸ್ಟಂ ಅಪ್‌ಡೇಟ್ ಒತ್ತಿ ನೋಡಿ. ಇದ್ದರೆ ರಾತ್ರಿ ಚಾರ್ಜಿಗೆ ಹಾಕಿ ವೈಫೈನಲ್ಲಿ ಮಾಡಿಬಿಡಿ. ಇಲ್ಲದಿದ್ದರೆ ಆ ಫೋನನ್ನು ಹಾಡು ಕೇಳಲು, ಮೊಮ್ಮಕ್ಕಳ ಫೋಟೊ ನೋಡಲು ಇಟ್ಟುಕೊಂಡು ಬ್ಯಾಂಕಿನ ಕೆಲಸವನ್ನು ಬೇರೆ ಫೋನಿಗೆ ವರ್ಗಾಯಿಸುವುದು ಒಳ್ಳೆಯದು. ಯಾವ ಫೋನೇ ಆಗಲಿ, ಲಿಂಕ್ ಮೂಲಕ ಬಂದ ಅಪರಿಚಿತ ಆ್ಯಪ್ ಹಾಕಿಕೊಳ್ಳಬೇಡಿ. ಕೀರಿಂಗ್ ದೋಷದಂಥವು ಕೆಲಸ ಮಾಡುವುದು ದಾಳಿಯ ಪ್ರೋಗ್ರಾಂ ಒಳಗೆ ಕಾಲಿಟ್ಟ ಮೇಲೆ ತಾನೆ? ಐಫೋನ್‌ನ ಕರ್ನಲ್ ಬೇರೆ, ಅದನ್ನು ನೋಡಿಕೊಳ್ಳುವುದು ಕ್ಯೂಪರ್ಟಿನೊದ ಆಪಲ್. ಅಲ್ಲಿಯೂ ಇಂಥ ಎಣಿಕೆ, ಇಂಥ ಮರೆವು, ಇಂಥ ಅಪ್‌ಡೇಟ್ ಇದ್ದದ್ದೇ.

ಹೊಸ ಫೋನ್ ಕಳಿಸುವ ಮಕ್ಕಳಿಗೂ ಒಂದು ಮಾತು. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ನೋಡುವ ಹಾಗೆಯೇ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ ಎಂದೂ ನೋಡಿ. 2023ರ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷದ ಭರವಸೆ ಕೊಟ್ಟಿವೆ. ಅಗ್ಗದ ಎಷ್ಟೋ ಮಾದರಿಗಳಿಗೆ ಅದು ಎರಡು ಮೂರು ವರ್ಷಕ್ಕೇ ಮುಗಿಯುತ್ತದೆ. ಅಪ್ಪ ಅಮ್ಮ ಫೋನ್ ಬದಲಿಸುವುದು ನಮ್ಮಷ್ಟು ಬೇಗ ಅಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮುಂದಿನ ಸಲ ವಿಡಿಯೊ ಕಾಲ್‌ನಲ್ಲಿ "ಅಪ್‌ಡೇಟ್ ಕೇಳ್ತಾ ಇದೆ, ಒತ್ತಲೋ ಬೇಡವೋ" ಎಂಬ ಪ್ರಶ್ನೆ ಬಂದರೆ ಒತ್ತಿ ಎನ್ನಿ. ಎಲ್ಲೋ ಯಾರೋ ಕಳೆಯಲು ಮರೆತ ಒಂದನ್ನು, ಇನ್ಯಾರೋ ರಾತ್ರಿ ಕೂತು ಹುಡುಕಿ, ಒಂದು ಸಾಲು ಬರೆದು ಕಳಿಸಿರುತ್ತಾರೆ. ಅದು ಪುಸ್ತಕಕ್ಕೆ ಏರುವುದು ನೀವು ಒತ್ತಿದಾಗ.